ಎಣ್ಣೆಯ ತೊಟ್ಟಿಯಿದ್ದ ನೆಲದಲ್ಲಿ ಮಣ್ಣಿನ ಆವಿಯ ಪರೀಕ್ಷೆ

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಣ ಹೆದ್ದಾರಿಯಲ್ಲಿರುವ ಮಲವಗೊಪ್ಪದಂತಹ ಊರುಗಳಲ್ಲಿ ಪಟ್ಟಣವು ಬೆಳೆದಂತೆಲ್ಲಾ ರಸ್ತೆಬದಿಯ ಜಮೀನುಗಳು ಮನೆಯ ನಿವೇಶನಗಳಾಗಿ ಮಾರ್ಪಡುತ್ತವೆ. ಇಂತಹ ಜಮೀನಿನಲ್ಲಿ ಹಿಂದೆ ಪೆಟ್ರೋಲ್ ಬಂಕಾಗಲಿ ಲಾರಿಗಳ ಷೆಡ್ಡಾಗಲಿ ಇದ್ದು, ನೆಲದೊಳಗೆ ಎಣ್ಣೆಯ ತೊಟ್ಟಿಯನ್ನು ಹೂಳಿದ್ದ ಪಕ್ಷದಲ್ಲಿ, ತೊಟ್ಟಿಯನ್ನು ಕಿತ್ತು ತೆಗೆದ ಮಾತ್ರಕ್ಕೆ ನೆಲವು ಶುದ್ಧವಾಯಿತೆಂದು ಭಾವಿಸತಕ್ಕದ್ದಲ್ಲ.

ದೋಷವು ಹರಡುವ ಬಗೆ

ಕಬ್ಬಿಣದ ತೊಟ್ಟಿಯು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾದರೂ ಎಣ್ಣೆಯು ವರ್ಷಗಟ್ಟಲೆ ಸೋರಿ ಮಣ್ಣಿನಲ್ಲಿ ಇಂಗುತ್ತದೆ. ನೀರಿಗಿಂತ ಹಗುರವಾದುದರಿಂದ ಅದು ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ಜಲವು ಮೇಲೇರಿ ಬೇಸಿಗೆಯಲ್ಲಿ ಇಳಿಯುವಾಗ ಎಣ್ಣೆಯೂ ಜೊತೆಯಲ್ಲೇ ಏರಿಳಿದು ನಡುವಿನ ಮಣ್ಣಿಗೆಲ್ಲಾ ಅಂಟುತ್ತದೆ. ಅಲ್ಲಿಂದ ಹೊರಡುವ ಆವಿಯು ಮಣ್ಣಿನ ಸಂದುಗಳ ಮೂಲಕ ಹರಿದು ಬಾವಿಗಳನ್ನೂ, ತಳಪಾಯದ ಬಿರುಕುಗಳಿಂದ ಮನೆಗಳನ್ನೂ ಸೇರುತ್ತದೆ. ಪೆಟ್ರೋಲಿನಲ್ಲಿರುವ ಬೆನ್ಜೀನ್ ಎಂಬ ದ್ರವ್ಯವು ರಕ್ತದ ಕ್ಯಾನ್ಸರಿಗೆ ಕಾರಣವಾಗತಕ್ಕದ್ದು. ಬೇರುಗಳಿಗೆ ಆಮ್ಲಜನಕವು ಸಾಲದೆ ಬೆಳೆಯು ಹಳದಿಗಟ್ಟುವುದೂ ಉಂಟು.

ದೀಪದ ಪರೀಕ್ಷೆ ಸಲ್ಲದು

ಹಾಳುಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು, ಅದು ಆರಿಹೋದರೆ ಕೆಟ್ಟ ಗಾಳಿಯಿದೆಯೆಂದು ತಿಳಿಯುವುದು ಹಳೆಯ ರೂಢಿ. ಆದರೆ ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾಗಿ ಬಾವಿಯ ತಳದಲ್ಲಿ ನಿಲ್ಲುವಂಥದು. ಗಾಳಿಯಲ್ಲಿ ಅದು 100ಕ್ಕೆ ಸುಮಾರು 1.4ರಿಂದ 7.6 ಪಾಲಿನಷ್ಟು ಬೆರೆತಿದ್ದಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ಆದಕಾರಣ ತೊಟ್ಟಿಯಿದ್ದ ನೆಲದ ಸಮೀಪದ ಬಾವಿಗೆ ದೀಪವನ್ನೂ ಮನುಷ್ಯನನ್ನೂ ಇಳಿಸಕೂಡದು. ಮೂಗನ್ನೂ ನಂಬಲಾಗದು, ವಾಸನೆಯು ಸ್ವಲ್ಪ ಹೊತ್ತಿನಲ್ಲಿಯೇ ರೂಢಿಯಾಗಿ ತಿಳಿಯದೆ ಹೋಗುತ್ತದೆ.

ಪರೀಕ್ಷೆಯ ಕ್ರಮ

ತಜ್ಞರು ಸಾಮಾನ್ಯವಾಗಿ ಐದು ಅಡಿ ಅಥವಾ ಅದಕ್ಕಿಂತ ಆಳಕ್ಕೆ ಸಣ್ಣ ರಂಧ್ರವನ್ನು ಕೊರೆದು, ತೆಳುವಾದ ಕೊಳವೆಯನ್ನಿಳಿಸಿ, ಮೇಲಿನ ಗಾಳಿಯು ನುಗ್ಗದಂತೆ ಉಬ್ಬುವ ಜೇಡಿಯಿಂದ ಸುತ್ತಲೂ ಮುಚ್ಚುತ್ತಾರೆ. ಈ ಮುಚ್ಚಳವು ಬಿಗಿಯಾಗಿದೆಯೇ ಎಂದು ತಿಳಿಯಲು ಅದರ ಸುತ್ತ ಹೀಲಿಯಂ ವಾಯುವನ್ನು ಬಿಡುವುದುಂಟು. ಮಾದರಿಯಲ್ಲಿ ಹೀಲಿಯಂ ಕಂಡುಬಂದರೆ ಮೇಲಿನ ಗಾಳಿಯು ಬೆರೆತಿದೆಯೆಂದರ್ಥ. ಕೊಳವೆಯಲ್ಲಿ ನಿಂತ ಗಾಳಿಯನ್ನು ಮೊದಲು ಹೊರತೆಗೆದು, ಬಳಿಕ ಮಾದರಿಯನ್ನು ನಿಧಾನವಾಗಿ, ನಿರ್ವಾತ ಮಾಡಿದ ಉಕ್ಕಿನ ಪಾತ್ರೆಗೆ ತುಂಬಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ.

ಅಲ್ಲಿ ಬೆನ್ಜೀನ್ ಮೊದಲಾದವುಗಳೊಡನೆ ಆಮ್ಲಜನಕವನ್ನೂ ಇಂಗಾಲಾಮ್ಲವಾಯುವನ್ನೂ ಅಳೆಯತಕ್ಕದ್ದು. ಮಣ್ಣಿನ ಸೂಕ್ಷ್ಮಜೀವಿಗಳು ಎಣ್ಣೆಯ ಆವಿಯನ್ನು ಉಣ್ಣುವಾಗ ಮೊದಲನೆಯದು ಕುಗ್ಗಿ ಎರಡನೆಯದು ಹೆಚ್ಚುತ್ತದೆ. ಆದರೆ ಗೊಬ್ಬರ ಹಾಕಿದ ಹೊಲದಲ್ಲಿಯೂ ಇಂಗಾಲಾಮ್ಲವಾಯು ಹೆಚ್ಚಿರುವುದರಿಂದ, ತೊಟ್ಟಿಯಿಂದ ದೂರವಿರುವ ಅದೇ ಬಗೆಯ ಮಣ್ಣಿನಲ್ಲಿ ಮತ್ತೊಂದು ಮಾದರಿಯನ್ನು ತೆಗೆದು ಹೋಲಿಸಬೇಕು.

ಕಾಲ

ಜಡಿಮಳೆಯಲ್ಲಿ ಮಣ್ಣಿನ ಸಂದುಗಳು ನೀರಿನಿಂದ ತುಂಬಿ ಆವಿಯು ಕೊಳವೆಗೆ ಬಾರದು. ಮಲೆನಾಡಿನ ಮಳೆಗಾಲದಲ್ಲಿ ತೆಗೆದ ಮಾದರಿಯು ದೋಷವಿಲ್ಲವೆಂದು ತೋರಿದರೂ ಅದನ್ನು ನಂಬಬಾರದು. ಮಳೆ ನಿಂತು ನೆಲವು ಆರಿದ ಮೇಲೆ ಪರೀಕ್ಷಿಸಿ, ಬೇರೊಂದು ಋತುವಿನಲ್ಲಿ ಮತ್ತೊಮ್ಮೆ ನೋಡುವುದು ಲೇಸು.

ಮುಖಂಡರ ಕರ್ತವ್ಯ

ಬೆಳೆಗಾಗಿ ಮಾಡಿಸುವ ಮಣ್ಣಿನ ಪರೀಕ್ಷೆಯು ಸಾರಜನಕ, ರಂಜಕ, ಪೊಟ್ಯಾಷ್ ಮುಂತಾದ ಸತ್ವಗಳನ್ನು ತಿಳಿಸುವುದೇ ಹೊರತು ಎಣ್ಣೆಯ ಆವಿಯನ್ನು ತಿಳಿಸದು. ಸಂಶಯವುಳ್ಳ ಸ್ಥಳವನ್ನು ಜಿಲ್ಲಾಡಳಿತಕ್ಕೂ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರಹದ ಮೂಲಕ ತಿಳಿಸತಕ್ಕದ್ದು. ಕಲುಷಿತ ಸ್ಥಳಗಳ ನಿರ್ವಹಣೆಗಾಗಿ ಭಾರತ ಸರ್ಕಾರವು 2025ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿದೆ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟವು 2000ದಲ್ಲಿ ನಿಂತಿತು. ತೊಟ್ಟಿಯು ಅದಕ್ಕೂ ಹಿಂದಿನದಾದರೆ ಮಣ್ಣಿನಲ್ಲಿ ಸೀಸವನ್ನೂ ಪರೀಕ್ಷಿಸಬೇಕು.

ದೋಷವು ಕಂಡುಬಂದಲ್ಲಿ ನಿರಾಶರಾಗಬೇಕಾದುದಿಲ್ಲ. ಕೆಟ್ಟ ಮಣ್ಣನ್ನು ತೆಗೆಸುವುದು, ಯಂತ್ರದಿಂದ ಆವಿಯನ್ನು ಹೀರಿಸುವುದು ಮೊದಲಾದ ಉಪಾಯಗಳುಂಟು. ಅಲ್ಲಿಯವರೆಗೆ ಆ ನೆಲದಲ್ಲಿ ಬಾವಿಯನ್ನೂ ಮನೆಯನ್ನೂ ಕಟ್ಟಿಸಬಾರದು. ತೊಟ್ಟಿಯಿದ್ದ ಜಾಗವು ಊರಿನ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರಬಹುದು. ಅವರಿರುವಾಗಲೇ ವಿಚಾರಿಸಿ, ಸರ್ವೆ ನಂಬರಿನೊಡನೆ ಬರೆದಿಟ್ಟು, ಜಮೀನನ್ನು ಕೊಳ್ಳುವವರಿಗೆ ಮರೆಮಾಚದೆ ತಿಳಿಸುವುದು ಮುಖಂಡರಿಗೂ ಜಮೀನುದಾರರಿಗೂ ಸಮಾನವಾದ ಹೊಣೆ.