ನಿಮಗಿದು ಗೊತ್ತೆ? ಮನೆಯಲ್ಲೇ ಕೂತು ಮತ ಹಾಕುವ ಎಸ್ಟೋನಿಯಾ

ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ದ್ವೀಪಗಳೋ, ಎರಡು ಸಾವಿರಕ್ಕೂ ಹೆಚ್ಚು! ಅತಿ ಎತ್ತರದ ಬೆಟ್ಟ ಸೂರ್ ಮುನಮ್ಯಾಗಿ ಬರೀ 318 ಮೀಟರ್.

1991ರಲ್ಲಿ ಸೋವಿಯತ್ ಹಿಡಿತದಿಂದ ಬಿಡಿಸಿಕೊಂಡ ಈ ದೇಶ, 2005ರ ಸ್ಥಳೀಯ ಚುನಾವಣೆಯಲ್ಲಿ ದೇಶದಾದ್ಯಂತ ಅಂತರ್ಜಾಲ ಮತದಾನ ತಂದಿತು. ಜಗತ್ತಿನಲ್ಲಿ ಅದೇ ಮೊದಲು. ಚಿಪ್ ಇರುವ ಗುರುತಿನ ಚೀಟಿ, ಗುಪ್ತ ಸಂಖ್ಯೆ ಇದ್ದರಾಯಿತು. ಯಾರಾದರೂ ಬಲವಂತದಿಂದ ಮತ ಹಾಕಿಸಿದರೆ? ಅವಧಿ ಮುಗಿಯುವುದರೊಳಗೆ ಮತ್ತೆ ಹಾಕಬಹುದು, ಕೊನೆಯದಷ್ಟೇ ಲೆಕ್ಕಕ್ಕೆ. ಜಾಣ ಉಪಾಯವೇ ಸರಿ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಬಿದ್ದದ್ದು ಹೀಗೆಯೇ.

ಅಲ್ಲಿನ ಸಂಸತ್ತು ‘ರೀಗಿಕೋಗು’ವಿನಲ್ಲಿ 101 ಸದಸ್ಯರು. ಅಧ್ಯಕ್ಷರನ್ನು ಮಾತ್ರ ಜನ ನೇರವಾಗಿ ಆರಿಸುವುದಿಲ್ಲ.