ಹಾಲಿಗೂ ಉಂಟೇ ಗಡಿ?

ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರದ ಕಾಡು ಹಾದು ಊಟಿಗೆ ಹೋಗುತ್ತದೆ. ಇನ್ನೊಂದು ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿ ಸೇರುತ್ತದೆ. ಊರಿನ ಅಂಗಡಿಗಳಲ್ಲಿ ಸಿಗುವುದು ನಂದಿನಿ ಹಾಲು. ಊಟಿ ದಾರಿಯಲ್ಲಿ ಗಡಿ ದಾಟಿದರೆ ಆವಿನ್, ಬತ್ತೇರಿ ಕಡೆ ತಿರುಗಿದರೆ ಮಿಲ್ಮಾ. ಟೀಗೆ ಬೆರೆತ ಮೇಲೆ ಯಾವುದು ಯಾವ ರಾಜ್ಯದ ಹಾಲೆಂದು ಹೇಳಬಲ್ಲವರು ವಿರಳ. ಆದರೂ 2023ರಲ್ಲಿ ಪೊಟ್ಟಣದ ಮೇಲಿನ ಹೆಸರು ಈ ಮೂರೂ ರಾಜ್ಯಗಳಲ್ಲಿ ದೊಡ್ಡ ರಂಪವನ್ನೇ ಎಬ್ಬಿಸಿತು.

ಆ ವರ್ಷದ ಏಪ್ರಿಲ್‌ನಲ್ಲಿ ಗುಜರಾತಿನ ಅಮುಲ್, ಬೆಂಗಳೂರಿನಲ್ಲಿ ಹಾಲು ಮೊಸರು ಮಾರುವುದಾಗಿ ಪ್ರಕಟಿಸಿತು. ವಿಧಾನಸಭಾ ಚುನಾವಣೆಗೆ ಉಳಿದಿದ್ದುದು ಒಂದೇ ತಿಂಗಳು. ನಂದಿನಿ ಕನ್ನಡಿಗರ ಸ್ವಾಭಿಮಾನದ ಸಂಕೇತವಾಯಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವೂ ಅದರ ಬೆನ್ನಿಗೆ ನಿಂತಿತು. ಕುತೂಹಲದ ಸಂಗತಿಯೆಂದರೆ, ಅದೇ ದಿನಗಳಲ್ಲಿ ಕೇರಳದಲ್ಲಿ ನಂದಿನಿಯೇ 'ಹೊರಗಿನವಳು'. ಅಲ್ಲಿ ಅದು ಮಳಿಗೆ ತೆರೆದದ್ದು ಸಹಕಾರ ತತ್ವಕ್ಕೆ ವಿರುದ್ಧವೆಂದು ಮಿಲ್ಮಾ ಆಕ್ಷೇಪಿಸಿತು. ಮೇ ತಿಂಗಳಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್, ಆವಿನ್ ಪ್ರದೇಶದಲ್ಲಿ ಅಮುಲ್ ಹಾಲು ಸಂಗ್ರಹಿಸುವುದನ್ನು ತಡೆಯುವಂತೆ ಕೇಂದ್ರ ಸಚಿವ ಅಮಿತ್ ಶಾ ಅವರಿಗೆ ಪತ್ರ ಬರೆದರು. ನಾವು ಹೋದರೆ ವ್ಯಾಪಾರ, ಅವರು ಬಂದರೆ ಆಕ್ರಮಣ!

ಈ ಗುಣ ನಮ್ಮವರದಷ್ಟೇ ಅಲ್ಲ. ಚೀಸ್ ಯಾರದು ಶ್ರೇಷ್ಠ ಎಂಬ ಜಗಳ ಯೂರೋಪಿನಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿದೆ. 'ಫೆಟಾ' ಗ್ರೀಸ್ ದೇಶದ ಚೀಸ್. ಕುರಿಯ ಹಾಲಿನಿಂದ, ಅಥವಾ ಅದಕ್ಕೆ ಶೇಕಡ 30ರವರೆಗೆ ಆಡಿನ ಹಾಲು ಬೆರೆಸಿ ಮಾಡಬೇಕು. ಡೆನ್ಮಾರ್ಕ್, ಜರ್ಮನಿಗಳಲ್ಲಿ ಹಸುವಿನ ಹಾಲಿನಿಂದ ಮಾಡಿದ್ದನ್ನೂ ಅದೇ ಹೆಸರಿನಲ್ಲಿ ಮಾರುತ್ತಿದ್ದರು. ವರ್ಷಗಟ್ಟಲೆ ನಡೆದ ವ್ಯಾಜ್ಯದ ನಂತರ 2005ರಲ್ಲಿ ಯೂರೋಪಿನ ನ್ಯಾಯಾಲಯ ಆ ಹೆಸರು ಗ್ರೀಸಿನದೇ ಎಂದಿತು. ನಮ್ಮ ದೇಶದಲ್ಲೂ ಒಡೆದ ಹಾಲಿನ ಛೇನಾದಿಂದ ಮಾಡುವ ರಸಗುಲ್ಲಕ್ಕಾಗಿ ಬಂಗಾಳ, ಒಡಿಶಾಗಳು ಕಿತ್ತಾಡಿದವು. 2017ರಲ್ಲಿ ಬಂಗಾಳದ ರಸಗುಲ್ಲಕ್ಕೂ 2019ರಲ್ಲಿ ಒಡಿಶಾದ ರಸಗುಲ್ಲಕ್ಕೂ ಪ್ರತ್ಯೇಕ ಭೌಗೋಳಿಕ ಗುರುತು ಕೊಟ್ಟು ಸಮಾಧಾನ ಮಾಡಬೇಕಾಯಿತು.

ನಮ್ಮ ಕಡೆ ಚೀಸ್ ಮಾಡುವ ರೂಢಿ ಇರಲಿಲ್ಲ. ಇಲ್ಲಿ ಹಾಲು ಒಡೆದರೆ ಕೆಟ್ಟಂತೆ. ಹೆಪ್ಪು ಹಾಕಿ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಮಾಡುವುದೇ ಕ್ರಮ. ನಿಘಂಟಿನವರು ಚೀಸ್‌ಗೆ 'ಗಿಣ್ಣು' ಎಂಬ ಪದವನ್ನೇ ಕೊಡುತ್ತಾರೆ. ಗುಂಡ್ಲುಪೇಟೆಯ ಹಳ್ಳಿಯವರಿಗಾದರೋ ಗಿಣ್ಣು ಎಂದರೆ ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು.

ಹಾಲಿನ ವಿಷಯದಲ್ಲಿ ಮೇಲು ಕೀಳಿನ ಭಾವನೆಯ ಬಿಸಿ ಅಮುಲ್‌ಗೂ ತಟ್ಟಿತ್ತು. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸಲಾಗದು ಎಂದು ಪರದೇಶದ ತಜ್ಞರು ಹೇಳುತ್ತಿದ್ದರು. ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಆನಂದದಲ್ಲಿ ಅದಕ್ಕಾಗಿ ಕಾರ್ಖಾನೆಯೇ ಎದ್ದಿತು. ಇತ್ತ ಇಟಲಿಯವರು ತಮ್ಮ ಕಂಪಾನಿಯಾ ಪ್ರಾಂತ್ಯದ ಎಮ್ಮೆ ಹಾಲಿನ ಮೊಟ್ಸರೆಲ್ಲಾ ಚೀಸನ್ನು ದೇಶದ ಹೆಮ್ಮೆಯೆಂದೇ ಮೆರೆಸುತ್ತಾರೆ. ಎಮ್ಮೆ ಯಾವ ದೇಶದ್ದು ಎಂಬುದರ ಮೇಲೆ ಅದರ ಹಾಲಿನ ಅಂತಸ್ತು!

ಇಷ್ಟಕ್ಕೂ ಇಲ್ಲಿ ಕಿತ್ತಾಡುವವರೆಲ್ಲ ಒಂದೇ ಬಳ್ಳಿಯ ಕಾಯಿಗಳು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹುಟ್ಟಿದ ರೈತರ ಸಹಕಾರ ಸಂಘವೇ ಎಲ್ಲಕ್ಕೂ ಮಾದರಿ. ಅದನ್ನು ಬೆಳೆಸಿದ ವರ್ಗೀಸ್ ಕುರಿಯನ್ ಹುಟ್ಟಿದ್ದು ಕೇರಳದ ಕೋಯಿಕ್ಕೋಡಿನಲ್ಲಿ. ಹೈನುಗಾರಿಕೆಯ ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ. ಕರ್ನಾಟಕ ಅದೇ ಮಾದರಿಯಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮ ಕಟ್ಟಿತು. 1984ರಲ್ಲಿ ಅದು ಹಾಲು ಮಹಾಮಂಡಳಿಯಾಯಿತು. ಓಣಂ ಸಮಯದಲ್ಲಿ ಬೇಡಿಕೆ ಏರಿದಾಗ ಮಿಲ್ಮಾ ಕರ್ನಾಟಕದಿಂದಲೂ ಹಾಲು ತರಿಸಿಕೊಳ್ಳುವುದುಂಟು. ಆಗ ಯಾರಿಗೂ ಗಡಿ ನೆನಪಾಗುವುದಿಲ್ಲ.

ಹಾಗೆಂದು ಈ ಅಭಿಮಾನವನ್ನು ಬರಿಯ ಒಣಜಂಭವೆಂದು ತಳ್ಳಿಹಾಕುವಂತಿಲ್ಲ. ಚಾಮರಾಜನಗರ ಜಿಲ್ಲೆ ಮಳೆಯನ್ನೇ ನೆಚ್ಚಿದ ಸೀಮೆ. ಬೆಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ಎರಡು ಹಸುಗಳಿಂದ. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಊರಿನ ಡೇರಿ ಮುಂದೆ ಸಾಲು ನಿಲ್ಲುವವರಲ್ಲಿ ಹೆಂಗಸರು ಬಹಳ. ಅವರ ಹಾಲು ಕುದೇರಿನಲ್ಲಿರುವ ಜಿಲ್ಲಾ ಒಕ್ಕೂಟ 'ಚಾಮುಲ್'ಗೆ ಹೋಗುತ್ತದೆ. ಒಕ್ಕೂಟದ ದರದ ಜೊತೆಗೆ ಸರ್ಕಾರವೂ ಪ್ರೋತ್ಸಾಹಧನ ಕೊಡುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು ಮುಂದೆ 5 ರೂಪಾಯಿಗೆ ಏರಿತು. ನಂದಿನಿ ಹಾಲು ಗ್ರಾಹಕರಿಗೆ ಅಗ್ಗವಾಗಿ ಸಿಗಲು ಇದೂ ಒಂದು ಕಾರಣ. ಅದೇ ಅಗ್ಗದ ಹಾಲು ಗಡಿಯಾಚೆ ಹೋದಾಗ ವಯನಾಡಿನ ರೈತನಿಗೆ ದಿಗಿಲಾದರೆ ಅದೂ ಸಹಜವೇ.

2024ರ ನವೆಂಬರ್‌ನಲ್ಲಿ ನಂದಿನಿ ಹಾಲು ದೆಹಲಿಯ ಮಾರುಕಟ್ಟೆಗೂ ಹೋಯಿತು. ಕನ್ನಡಿಗರಿಗೆ ಹೆಮ್ಮೆಯಾದದ್ದು ನಿಜ. ಆ ಹೆಮ್ಮೆಯಲ್ಲಿ ಹುರುಳೆಷ್ಟು ಎಂದು ತಿಳಿಯಬೇಕಾದರೆ ಹಳ್ಳಿಯ ಡೇರಿಗೇ ಬರಬೇಕು. ಅಲ್ಲಿ ಹಾಲಿನ ಕುಲಗೋತ್ರವನ್ನು ಯಾರೂ ವಿಚಾರಿಸುವುದಿಲ್ಲ. ಫ್ಯಾಟ್ ಎಷ್ಟು ಬಂತೆಂದು ನೋಡಿ ಬರೆದುಕೊಳ್ಳುತ್ತಾರೆ. ಹಾಲು ಹಾಕಿದವಳು ಕೇಳುವ ಪ್ರಶ್ನೆಯೂ ಒಂದೇ: ಬಟವಾಡೆ ಯಾವಾಗ, ಲೀಟರಿಗೆ ಎಷ್ಟು?