ಹೊಳೆಗೊಂದು ಕಿರಿಯ ಕಾವಲು

ಹರಿಹರದ ಬಳಿ ತುಂಗಭದ್ರೆಯಿಂದ ಎತ್ತಿದ ನೀರು ದಾವಣಗೆರೆಯ ಮನೆಗಳ ಕೊಡಗಳನ್ನು ತುಂಬುತ್ತದೆ. ಇದೇ ಹೊಳೆಯಲ್ಲಿ 1980ರ ದಶಕದಲ್ಲಿ ಮೀನುಗಳು ಸತ್ತು ತೇಲಿದಾಗ, ದಡದ ಜನರು ಕಾರ್ಖಾನೆಯ ಕೊಳೆಯ ವಿರುದ್ಧ ದನಿಯೆತ್ತಿದರು. ಮೀನು ಸಾಯುವ ಮುನ್ನವೇ ವಿಷದ ಸುಳಿವನ್ನೀಯುವ ಕಾವಲುಗಾರನುಂಟೆ?

ವಿಜ್ಞಾನಿಗಳು ಅಂಥವನನ್ನು ಬ್ಯಾಕ್ಟೀರಿಯಾದಲ್ಲಿ ಕಂಡಿದ್ದಾರೆ. ನಮ್ಮ ಕರುಳಿನಲ್ಲೇ ನೆಲಸಿರುವ ಇ. ಕೋಲಿ ಎಂಬ ಸೂಕ್ಷ್ಮಜೀವಿ, ಹಾಲಿನ ಸಕ್ಕರೆ ದೊರೆತಾಗಲಷ್ಟೆ ಅದನ್ನು ಅರಗಿಸುವ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಅದರ ಜೀನುಗಳಲ್ಲಿ ಅಡಗಿರುವ ಈ ಸ್ವಿಚ್ಚಿನ ಮರ್ಮವನ್ನು ಫ್ರಾನ್ಸಿನ ಜಾಕೋಬ್ ಮತ್ತು ಮೊನೊ 1961ರಲ್ಲಿ ವಿವರಿಸಿದರು. ಸ್ವಿಚ್ಚಿನ ಮುಂದೆ ಮಾನವನ ಇನ್ಸುಲಿನ್ ಜೀನನ್ನು ಜೋಡಿಸಿದರೆ, ಆ ಜೀವಿ ಇನ್ಸುಲಿನ್ನನ್ನೇ ತಯಾರಿಸುತ್ತದೆ. 1978ರಲ್ಲಿ ಅಮೆರಿಕದಲ್ಲಿ ಇದು ಸಾಧ್ಯವಾಯಿತು. 1982ರಲ್ಲಿ ಔಷಧವಾಗಿ ಮನ್ನಣೆ ಪಡೆಯಿತು.

ಹಾಗೆಯೇ, ಆರ್ಸೆನಿಕ್ ವಿಷಕ್ಕೆ ಓಗೊಡುವ ಸ್ವಿಚ್ಚಿಗೆ ಹೊಳೆಯುವ ಪ್ರೋಟೀನಿನ ಜೀನನ್ನು ಜೋಡಿಸಿದರೆ, ನೀರಿನಲ್ಲಿ ಆ ವಿಷವಿದ್ದಾಗ ಜೀವಿ ಬೆಳಗುತ್ತದೆ. ಒಂದೊಂದು ವಿಷಕ್ಕೂ ತಕ್ಕ ಸ್ವಿಚ್ಚು ಬೇಕು. ಮಾರ್ಪಡಿಸಿದ ಜೀವಿಯನ್ನು ಹೊಳೆಗೆ ಬಿಡುವುದು ಕ್ಷೇಮವಲ್ಲ. ಅದನ್ನು ಸೀಸೆಯಲ್ಲಿಟ್ಟು, ಹೊಳೆಯ ನೀರನ್ನೇ ಅದರ ಬಳಿಗೆ ತರಬೇಕು.

ಅದು ವಿಷವನ್ನು ತೋರಿಸೀತು, ತಡೆಯಲಾರದು. ತಡೆಯುವ ಹೊಣೆ ದಡದ ಮನುಷ್ಯನದೇ.